ಶಾಲೆ ತೆರೆಯುವ ಮುಂಚೆ ನಮ್ಮ ನಲಿಕಲಿ ಕೋಣೆ ಸಜ್ಜಾಗಬೇಕು: ದೇಣಿಗೆಗಾಗಿ ಮನವಿ

ಊರಿನ ಹಿರಿಯರಿಗೆ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ, ಮೈಸೂರು, ಬೆಂಗಳೂರು ಸೇರಿ ದುಡಿಯುತ್ತಿರುವ ನಮ್ಮೂರ ಅಣ್ಣತಮ್ಮ ಅಕ್ಕತಂಗಿಯರಿಗೆ, ಸರ್ಕಾರಿ ಶಾಲೆ ಉಳಿಯಬೇಕು ಅನ್ನುವ ಎಲ್ಲರಿಗೂ ನಮಸ್ಕಾರ.

ನಮ್ಮದು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿ, 41 ಮಕ್ಕಳು, ಇಬ್ಬರು ಶಿಕ್ಷಕರು. ನಾಲ್ಕು ಮತ್ತು ಐದನೇ ತರಗತಿಯನ್ನು ಹೆಡ್‌ಮೇಷ್ಟ್ರು ನೋಡಿಕೊಳ್ಳುತ್ತಾರೆ. ಒಂದು, ಎರಡು, ಮೂರನೇ ತರಗತಿಯ 24 ಮಕ್ಕಳು ಒಂದೇ ಕೋಣೆಯಲ್ಲಿ ನಲಿಕಲಿ ಶಿಕ್ಷಕಿಯಾದ ನನ್ನ ಹತ್ತಿರ ಕಲಿಯುತ್ತಾರೆ. ನಲಿಕಲಿ ಅಂದರೆ ಕಾರ್ಡು, ಹಾಡು, ಆಟದಿಂದ ಮಕ್ಕಳು ತಮ್ಮ ಪಾಡಿಗೆ ಕಲಿಯುವ ಪದ್ಧತಿ. ಆ ಕೋಣೆಗಾಗಿಯೇ ಈ ಮನವಿ. ಬೇಸಿಗೆ ರಜೆ ಮುಗಿಯುವುದರೊಳಗೆ ಅದರ ನೆಲ, ಗೋಡೆಯ ಹಲಗೆ, ಕಲಿಕೆಯ ಸಾಮಾನು ಎಲ್ಲ ಸರಿಯಾಗಬೇಕು. ಒಟ್ಟು 1,14,700 ರೂಪಾಯಿ ಬೇಕು. ಊರಿನವರಿಂದ 31,000 ಸೇರಿದೆ. ಉಳಿದ 83,700 ರೂಪಾಯಿಯನ್ನು ನಿಮ್ಮಲ್ಲಿ ಕೇಳುತ್ತಿದ್ದೇವೆ.

ಮೂರು ಕ್ಲಾಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಪಾಠ ಹೇಗೆ ನಡೆಯುತ್ತೆ ಮಿಸ್ ಅಂತ ತಂದೆತಾಯಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ತಾಲ್ಲೂಕಿನಲ್ಲೇ ಇದೆ. 1995ರಲ್ಲಿ ಇಲ್ಲಿನ ಕೆಲವು ಪ್ರಾಥಮಿಕ ಶಾಲೆ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಕಾರ್ಡು ಹಿಡಿದು ತಮ್ಮ ಪಾಡಿಗೆ ಕಲಿಯುವುದನ್ನು ನೋಡಿ ಬಂದರು. ಬಂದವರು ಕೂತು ನಮ್ಮ ಮಕ್ಕಳಿಗೆ ಹೊಂದುವ ಕಾರ್ಡು, ಹಾಡು, ಆಟ ತಾವೇ ಮಾಡಿದರು. ಯುನಿಸೆಫ್ ನೆರವು ಕೊಟ್ಟಿತು. ನಲಿಕಲಿ ಶುರುವಾದದ್ದು ಹೀಗೆ. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು, ಆಮೇಲೆ ಮೂರನೇ ತರಗತಿಗೂ. ನಮ್ಮ ತಾಲ್ಲೂಕಿನ ಮೇಷ್ಟ್ರುಗಳು ಹುಟ್ಟುಹಾಕಿದ ಪದ್ಧತಿ ಇಡೀ ಕರ್ನಾಟಕಕ್ಕೆ ಹೋಯಿತು ಅನ್ನುವುದು ನನಗೆ ದೊಡ್ಡ ಹೆಮ್ಮೆ.

ಈ ಪದ್ಧತಿಯಲ್ಲಿ ಮಗು ಕೂರುವುದು ತರಗತಿ ನೋಡಿ ಅಲ್ಲ, ಆ ದಿನ ಮಾಡಬೇಕಾದ ಚಟುವಟಿಕೆ ನೋಡಿ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು. ಇನ್ನೂ ಓದಲು ಬಾರದ ಮಗು ಕೂಡ ಚಿತ್ರ ನೋಡಿ ತಾನು ಎಲ್ಲಿದ್ದೇನೆ, ಮುಂದೆ ಏನು ತೆಗೆದುಕೊಳ್ಳಬೇಕು ಅಂತ ತಿಳಿಯುತ್ತದೆ. ಹೊಸ ವಿಷಯ ಕಲಿಯುವವರು ನನ್ನ ಪಕ್ಕ ಕೂರುತ್ತಾರೆ. ಅರ್ಧ ಕಲಿತವರಿಗೆ ನಾನು ಆಗಾಗ ಹೋಗಿ ನೋಡಿದರೆ ಸಾಕು. ಇನ್ನು ಕೆಲವರು ಗೆಳೆಯರ ಸಹಾಯದಿಂದ ಮಾಡುತ್ತಾರೆ, ಚೆನ್ನಾಗಿ ಬಂದವರು ತಾವೇ ಮಾಡುತ್ತಾರೆ. ಮೂರನೇ ತರಗತಿಯ ಹುಡುಗಿ ಒಂದನೇ ತರಗತಿಯವನ ಕೈ ಹಿಡಿದು ಬರೆಸುವುದು ನಮ್ಮಲ್ಲಿ ದಿನಾ ಕಾಣುತ್ತದೆ.

ಕೊಡಗಿನ ಕಾಫಿ ತೋಟಕ್ಕೆ ಹಣ್ಣು ಕೊಯ್ಯಲು ಹೋಗುವ ಮನೆಗಳು ನಮ್ಮೂರಲ್ಲಿ, ಸುತ್ತಲಿನ ಆದಿವಾಸಿಗಳ ಹಾಡಿಗಳಲ್ಲಿ ಬಹಳ ಇವೆ. ಅಪ್ಪ ಅಮ್ಮ ಹೋದರೆ ಸಣ್ಣ ಮಕ್ಕಳೂ ಜೊತೆಗೆ ಹೋಗಲೇಬೇಕು, ಮನೆಯಲ್ಲಿ ನೋಡಿಕೊಳ್ಳುವವರು ಇರುವುದಿಲ್ಲ. ವಾರಗಟ್ಟಲೆ ಶಾಲೆ ತಪ್ಪುತ್ತದೆ. ಬೇರೆ ಕಡೆಯಾದರೆ ಪಾಠ ಮುಂದೆ ಹೋಗಿರುತ್ತದೆ, ಮಗು ಹಿಂದಿನ ಸಾಲಿನಲ್ಲಿ ಸುಮ್ನೆ ಕೂರುತ್ತದೆ, ಕೊನೆಗೆ ಶಾಲೆಯನ್ನೇ ಬಿಡುತ್ತದೆ. ನಲಿಕಲಿಯಲ್ಲಿ ಮಗು ವಾಪಸು ಬಂದ ದಿನ ಏಣಿಯ ಮುಂದೆ ನಿಂತು ತಾನು ಬಿಟ್ಟು ಹೋದ ಮೆಟ್ಟಿಲು ಹುಡುಕಿ ಅಲ್ಲಿಂದಲೇ ಶುರು ಮಾಡುತ್ತದೆ. ಯಾರೂ ಬೈಯುವುದಿಲ್ಲ. ಈ ಒಂದು ಕಾರಣಕ್ಕೇ ಈ ಪದ್ಧತಿ ನಮ್ಮಂಥ ಊರಿಗೆ ಬೇಕೇ ಬೇಕು.

ಆದರೆ ಇದು ಕೋಣೆಯನ್ನು ನಂಬಿದ ಪದ್ಧತಿ. ಸಾಮಾನು ಇಲ್ಲದಿದ್ದರೆ ಒಬ್ಬ ಟೀಚರ್ ಮೂರು ತರಗತಿಯನ್ನು ಹಿಡಿಯಲು ಆಗುವುದಿಲ್ಲ. ಕೈಗೆ ಕಾರ್ಡು, ಮಣಿ, ಹಲಗೆ ಸಿಗದ ಮಕ್ಕಳು ನನ್ನ ಮುಖ ನೋಡಿ ಕೂರುತ್ತಾರೆ. ಆಗ ನಾನು ಬೋರ್ಡಿನ ಮೇಲೆ ಬರೆದು ಎಲ್ಲರಿಗೂ ಒಂದನ್ನೇ ಹೇಳಿಕೊಡಬೇಕಾಗುತ್ತದೆ. ಮೂರನೆಯವರಿಗೆ ಬೇಜಾರು, ಒಂದನೆಯವರಿಗೆ ಏನೂ ಅರ್ಥವಾಗುವುದಿಲ್ಲ. ಹೆಸರಿಗೆ ನಲಿಕಲಿ, ಒಳಗೆ ಹಳೆಯ ಪಾಠವೇ. ಹಾಗಾಗಬಾರದು ಅಂತ ಈ ವರ್ಷ ರಜೆಯಲ್ಲೇ ಕೆಲಸ ಮಾಡಿಸಲು ಹೊರಟಿದ್ದೇವೆ.

ಈಗ ಕೋಣೆಯ ಸ್ಥಿತಿ ಹೇಳುತ್ತೇನೆ. ನೆಲದ ಸಿಮೆಂಟು ಅಲ್ಲಲ್ಲಿ ಕಿತ್ತು ಗುಂಡಿ ಬಿದ್ದಿದೆ. ಗುಡಿಸಿದಷ್ಟೂ ಮಣ್ಣು ಏಳುತ್ತದೆ, ಮಳೆಗಾಲದಲ್ಲಿ ತೇವ ಏಳುತ್ತದೆ. ನಮ್ಮ ಮಕ್ಕಳ ಅರ್ಧ ಕಲಿಕೆ ನೆಲದ ಮೇಲೆಯೇ. ಸೀಮೆಸುಣ್ಣದಲ್ಲಿ ಅಕ್ಷರ ಬರೆದು ಅದರ ಮೇಲೆ ಹಾರುವುದು, ಅಂಕಿ ಬರೆದ ಮನೆಗಳಲ್ಲಿ ಕುಂಟೆಬಿಲ್ಲೆ ಆಡುವುದು, ಬೀಜ ಹರಡಿ ಎಣಿಸುವುದು, ಇದೆಲ್ಲ ಗುಂಡಿ ಬಿದ್ದ ನೆಲದಲ್ಲಿ ಆಗುವುದಿಲ್ಲ. ಇನ್ನು ಗೋಡೆ. ನಲಿಕಲಿ ಕೋಣೆಯಲ್ಲಿ ಮಕ್ಕಳ ಎತ್ತರಕ್ಕೆ, ನೆಲದಿಂದ ಸ್ವಲ್ಪವೇ ಮೇಲೆ, ಗೋಡೆಯುದ್ದಕ್ಕೂ ಕಪ್ಪು ಹಲಗೆ ಇರಬೇಕು. ಒಬ್ಬೊಬ್ಬರಿಗೆ ಒಂದೊಂದು ಭಾಗ. ಮಗು ಅಲ್ಲಿ ಬರೆಯುತ್ತದೆ, ಒರೆಸುತ್ತದೆ, ಮತ್ತೆ ಬರೆಯುತ್ತದೆ. ತಪ್ಪು ಬರೆದರೂ ಪುಸ್ತಕದಲ್ಲಿ ಕೆಂಪು ಗೆರೆ ಬೀಳುವ ಭಯ ಇಲ್ಲ. ನಾನು ಒಂದು ಸುತ್ತು ಬಂದರೆ ಯಾರಿಗೆ ಎಲ್ಲಿ ತೊಡಕಾಗಿದೆ ಅಂತ ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಮೂರು ಗೋಡೆಗೂ ಇದ್ದ ಹಲಗೆಯ ಗಾರೆ ಉದುರಿ, ಈಗ ಏಳೆಂಟು ಮಕ್ಕಳು ಬರೆಯುವಷ್ಟು ಜಾಗ ಉಳಿದಿದೆ. ಉಳಿದವರು ಸರದಿ ಕಾಯುತ್ತಾರೆ.

ಸರ್ಕಾರ ಏನು ಕೊಡುತ್ತೆ ಅಂತ ನೀವು ಕೇಳಬಹುದು. ಪಠ್ಯಪುಸ್ತಕ, ಸಮವಸ್ತ್ರ, ಹಾಲು, ಬಿಸಿಯೂಟ ಬರುತ್ತದೆ. ಅದರಲ್ಲಿ ನಮಗೆ ಕೊರತೆ ಇಲ್ಲ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ನಿಯಮದಲ್ಲಿ 30ಕ್ಕಿಂತ ಜಾಸ್ತಿ, 100ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಅನುದಾನ ಇದೆ. ಸೀಮೆಸುಣ್ಣ, ರಿಜಿಸ್ಟರು, ಕರೆಂಟು, ಶೌಚಾಲಯದ ಶುಚಿ, ಸಣ್ಣಪುಟ್ಟ ರಿಪೇರಿ ಎಲ್ಲವೂ ಅದರಲ್ಲೇ ನಡೆಯಬೇಕು. ನೆಲ ಹಾಕಿಸುವಷ್ಟು ಅದರಲ್ಲಿ ಉಳಿಯುವುದಿಲ್ಲ.

ಜೂನ್‌ನಿಂದ ಈ ಕೋಣೆಯಲ್ಲಿ ಏನು ನಡೆಯಬೇಕು ಅಂತ ಸ್ವಲ್ಪ ಹೇಳಲೇಬೇಕು. ಏಕೆಂದರೆ ನಿಮ್ಮ ಹಣ ಹೋಗುವುದು ಅಲ್ಲಿಗೆ. ಎರಡು, ಮೂರನೇ ತರಗತಿಯವರಿಗೆ ಮೊದಲು ಸೇತುಬಂಧ. ಕಳೆದ ವರ್ಷ ಕಲಿತದ್ದರಲ್ಲಿ ರಜೆಯಲ್ಲಿ ಎಷ್ಟು ಉಳಿದಿದೆ ಅಂತ ನೋಡಿ, ಬಿಟ್ಟುಹೋದದ್ದನ್ನು ತುಂಬಿಸುವ ಕೆಲಸ. ಹೊಸದಾಗಿ ಒಂದನೇ ತರಗತಿಗೆ ಬರುವವರಿಗೆ ಅಕ್ಷರದ ಅವಸರ ಮಾಡುವುದಿಲ್ಲ. ಮಣಿ ಪೋಣಿಸಲಿ, ಮಣ್ಣಿನಲ್ಲಿ ಗೊಂಬೆ ಮಾಡಲಿ, ಕಥೆ ಕೇಳಲಿ. ಮನೆಯಲ್ಲಿ ಜೇನುಕುರುಬರ ನುಡಿ ಆಡುವ ಮಕ್ಕಳಿಗೆ ಶಾಲೆಯ ಕನ್ನಡ ಹೊಸದು. ಮೊದಲು ಅವರು ಬಾಯಿಬಿಟ್ಟು ಮಾತಾಡಬೇಕು. ಕೋಲುಗೊಂಬೆ, ಚಿತ್ರದ ಹಾಳೆ ಕೈಯಲ್ಲಿದ್ದರೆ ಎಷ್ಟೇ ನಾಚಿಕೆಯ ಮಗುವೂ ಎರಡು ಮಾತು ಆಡುತ್ತದೆ.

ಅಕ್ಷರಕ್ಕೆ ಬಂದಾಗ ನಾವು ಅ ಆ ಇ ಈ ಇಂದ ಶುರು ಮಾಡುವುದಿಲ್ಲ. ಹಿರಿಯರಿಗೆ ಇದು ವಿಚಿತ್ರ ಅನ್ನಿಸುತ್ತದೆ. ನಲಿಕಲಿಯ ಮೊದಲ ಐದು ಅಕ್ಷರ ರ, ಗ, ಸ, ದ, ಅ. ರ ಬರೆಯಲು ಬಂದ ಕೈಗೆ ಉಳಿದವು ಸಲೀಸು, ಆಕಾರ ಹತ್ತಿರ ಹತ್ತಿರ ಇದೆ. ಈ ಐದೇ ಅಕ್ಷರದಲ್ಲಿ ಸರ, ದರ, ರಸ, ಅರಸ, ಅಗಸ, ಗರಗಸ ಅಂತ ಪದಗಳಾಗುತ್ತವೆ. ಮುಂದಿನ ಗುಂಪು ಜ, ವ, ಮ, ಬ, ನ. ಅಷ್ಟು ಬಂತೆಂದರೆ ಮರ, ದನ, ಜನ, ವನ ಎಲ್ಲ ಓದಬಹುದು. ಇಡೀ ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಿಲ್ಲ. ಮಳೆಗಾಲ ಮುಗಿಯುವುದರೊಳಗೆ ಮಗು ತಾನೇ ಒಂದು ಪದ ಓದಿ ತೋರಿಸುತ್ತದೆ. ಇದಕ್ಕೆ ಬೇಕಾದದ್ದು ಉಪ್ಪುಕಾಗದದಲ್ಲಿ ಕತ್ತರಿಸಿದ ಒರಟು ಅಕ್ಷರಗಳು, ಬೆರಳಿನಿಂದ ತಿದ್ದಲು. ಅಕ್ಷರದ ಬಿಲ್ಲೆಗಳು, ಜೋಡಿಸಿ ಪದ ಮಾಡಲು. ಚಿತ್ರಕಾರ್ಡುಗಳು, ಲ್ಯಾಮಿನೇಟ್ ಮಾಡಿದವು, ಇಲ್ಲದಿದ್ದರೆ ಒಂದು ವರ್ಷವೂ ಬಾಳುವುದಿಲ್ಲ.

ಗಣಿತದಲ್ಲಿ ನಲವತ್ತೆರಡು ಬರೆ ಅಂದರೆ 402 ಅಂತ ಬರೆಯುವ ಮಕ್ಕಳು ಎಲ್ಲ ಶಾಲೆಯಲ್ಲೂ ಇದ್ದಾರೆ. ದಡ್ಡತನ ಅಲ್ಲ ಅದು. ನಲವತ್ತು ಕೇಳಿಸಿತು, 40 ಬರೆಯಿತು. ಎರಡು ಕೇಳಿಸಿತು, ಪಕ್ಕದಲ್ಲಿ 2 ಬರೆಯಿತು. ಮಗು ತನ್ನ ಕಿವಿಯನ್ನು ನಂಬಿದೆ, ಅಷ್ಟೇ. ಹತ್ತು ಕಡ್ಡಿ ಸೇರಿಸಿ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟು ಮಾಡಿಸಬೇಕು. ನಾಲ್ಕು ಕಟ್ಟು ಒಂದು ಕಡೆ, ಎರಡು ಬಿಡಿ ಕಡ್ಡಿ ಇನ್ನೊಂದು ಕಡೆ. ಇದನ್ನು ಕೈಯಾರೆ ಹಲವು ಸಲ ಮಾಡಿದ ಮೇಲೆ ಮಗು ತಾನೇ 42 ಅಂತ ಬರೆಯುತ್ತದೆ. ನಾನು ಬೋರ್ಡಿನಲ್ಲಿ ಎಷ್ಟು ಸಲ ಹೇಳಿದರೂ ಬಾರದ್ದು ಈ ಕಡ್ಡಿಯಿಂದ ಬರುತ್ತದೆ. ನೂರು ಮಣಿಯ ಸರ, ತಕ್ಕಡಿ, ಆಟದ ನೋಟುಗಳು, ಲೀಟರ್ ಅಳತೆ ಕೂಡ ಬೇಕು. ಮಕ್ಕಳ ಸಂತೆಯಲ್ಲಿ ರಾಗಿ, ಅವರೆಕಾಳು, ಸೊಪ್ಪು ಮಾರುವಾಗ ಲೆಕ್ಕ ಎಲ್ಲರಿಗೂ ಬೇಕಾಗುತ್ತದೆ, ಅಲ್ವಾ?

ಪರಿಸರದ ಪಾಠ ಬಾಗಿಲಲ್ಲೇ ಇದೆ. ದಿನಾ ಬೆಳಗ್ಗೆ ಒಬ್ಬ ಮಗು ಹೊರಗೆ ಹೋಗಿ ಆಕಾಶ ನೋಡಿ ಬಂದು ಹವಾಮಾನ ನಕ್ಷೆಯಲ್ಲಿ ಬಿಸಿಲು, ಮೋಡ, ಮಳೆ ಗುರುತು ಮಾಡುತ್ತದೆ. ಇಲ್ಲಿ ಬರೀ ಜಿನುಗು ಮಳೆ ಇದ್ದರೂ ಕಬಿನಿ ತುಂಬುವುದು ಯಾಕೆ ಅಂತ ಮೂರನೇ ತರಗತಿಯವರು ಕೇಳುತ್ತಾರೆ. ವಯನಾಡಿನ ಮಳೆ, ಬೀಚನಹಳ್ಳಿಯ ಡ್ಯಾಂ, ಆಮೇಲೆ ತಿ. ನರಸೀಪುರದಲ್ಲಿ ಕಾವೇರಿಗೆ ಸೇರುವುದು, ಇಷ್ಟನ್ನೂ ನೆಲದ ಮೇಲೆ ಮರಳು ಹಾಕಿ, ನೀರು ಬಿಟ್ಟು ತೋರಿಸಬೇಕು ಅಂತ ನನಗೆ ಬಹಳ ಆಸೆ. ಹೊಸ ನೆಲದ ಒಂದು ಮೂಲೆಯನ್ನು ಅದಕ್ಕೇ ಇಟ್ಟುಕೊಂಡಿದ್ದೇನೆ.

ಇನ್ನು ಖರ್ಚಿನ ಲೆಕ್ಕ. ಕೋಣೆ 400 ಚದರಡಿ ಇದೆ. ನೆಲಕ್ಕೆ ಜಾರದ ಟೈಲ್ಸ್ ಹಾಕಲು, ಕೂಲಿ ಸೇರಿ 36,000 ರೂಪಾಯಿ. ಮಕ್ಕಳು ಸುತ್ತ ಕೂರುವ ತಗ್ಗಿನ ಮೇಜು ಐದು, ಕುರ್ಚಿ 24, ಇವಕ್ಕೆ 34,200. ಮೂರು ಗೋಡೆಯ ಗಾರೆ ಮತ್ತು ಹಲಗೆಯ ಬಣ್ಣಕ್ಕೆ 9,500. ಮೊದಲೆಲ್ಲ ಇದ್ದಿಲು, ಗರಗದ ಸೊಪ್ಪು ಅರೆದು ಬಳಿಯುತ್ತಿದ್ದರು. ಈಗ ಪೇಂಟು ತರಬೇಕು. ಸುಣ್ಣಬಣ್ಣ, ಎರಡು ಫ್ಯಾನು, ಟ್ಯೂಬ್‌ಲೈಟು, ಕಿಟಕಿಯ ಜಾಲರಿಗೆ 14,000. ಮೇಲೆ ಹೇಳಿದ ಕಲಿಕಾ ಸಾಮಗ್ರಿಗೆ 12,000. ಓದುವ ಮೂಲೆಗೆ ಮಕ್ಕಳ ಕಥೆಪುಸ್ತಕಗಳು, 9,000. ಹಳೆಯ ನೆಲ ಕೀಳುವುದು, ಮಣ್ಣು ಹೊರುವುದು, ಗೋಡೆ ಕೆರೆಯುವುದನ್ನು ತಂದೆತಾಯಿ ಶ್ರಮದಾನವಾಗಿ ಮಾಡುತ್ತಾರೆ. ಅದನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಎಷ್ಟು ಕೊಡಬೇಕು ಅಂತ ನಾವು ಹೇಳುವುದಿಲ್ಲ. 90 ರೂಪಾಯಿಗೆ ಒಂದು ಚದರಡಿ ನೆಲ ಆಗುತ್ತದೆ. 500 ರೂಪಾಯಿ ಕೊಟ್ಟರೆ ಓದುವ ಮೂಲೆಗೆ ಕೆಲವು ಕಥೆಪುಸ್ತಕ ಬರುತ್ತವೆ. ಹುಟ್ಟುಹಬ್ಬ, ಮದುವೆ ವಾರ್ಷಿಕದ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಒಂದು ಮೇಜು ಕೊಡಿಸಿದರೆ ಅದು ಹತ್ತು ವರ್ಷ ಬಾಳುತ್ತದೆ. ಹಣವೇ ಆಗಬೇಕೆಂದಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ದಯವಿಟ್ಟು ಬಿಸಾಡಬೇಡಿ, ಆ ದಪ್ಪ ಕಾಗದದಲ್ಲಿ ಅಕ್ಷರದ ಕಾರ್ಡು ಬಹಳ ಚೆನ್ನಾಗಿ ಬರುತ್ತದೆ. ಹಳೆಯ ಕ್ಯಾಲೆಂಡರು, ಬಾಟಲಿ ಮುಚ್ಚಳ, ಅಂಗಿಯ ಗುಂಡಿಗಳು, ಹುಣಸೆ ಬೀಜ, ಬಟ್ಟೆ ಅಂಗಡಿಯ ರಟ್ಟು, ಇವೆಲ್ಲ ನಮಗೆ ಬೇಕು.

ಕೆಲವು ದಾನಿಗಳು ದೊಡ್ಡ ಟಿವಿ ಕೊಡಿಸುತ್ತೇವೆ, ಸ್ಮಾರ್ಟ್ ಕ್ಲಾಸ್ ಮಾಡೋಣ ಅಂದರು. ಅವರ ಮನಸ್ಸು ದೊಡ್ಡದು, ನಮಸ್ಕಾರ. ಆದರೆ ಆರು ವರ್ಷದ ಮಗು ನೋಡಿ ಕಲಿಯುವುದಕ್ಕಿಂತ ಮುಟ್ಟಿ, ಎತ್ತಿ, ಜೋಡಿಸಿ, ಕೆಡವಿ ಕಲಿಯುವುದೇ ಜಾಸ್ತಿ. ಅದೇ ಹಣದಲ್ಲಿ ನೆಲವೂ ಹಲಗೆಯೂ ಆಗುತ್ತದೆ. ಈ ವರ್ಷ ನಮಗೆ ಅದೇ ಮೊದಲು ಬೇಕು ಅಂತ ಅವರಲ್ಲೂ ಕೇಳಿಕೊಂಡಿದ್ದೇವೆ.

ದೇಣಿಗೆಯನ್ನು ಮುಖ್ಯಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಜಂಟಿ ಖಾತೆಗೇ ಹಾಕಿ. ಖಾತೆಯ ವಿವರ ಈ ಮನವಿಯ ಜೊತೆಗಿನ ಹಾಳೆಯಲ್ಲಿದೆ. ಯಾರ ವೈಯಕ್ತಿಕ ಫೋನ್‌ಗೂ ಹಣ ಕಳಿಸಬೇಡಿ. ಹತ್ತು ರೂಪಾಯಿಗೂ ರಸೀದಿ ಕೊಡುತ್ತೇವೆ. ಬಂದ ಹಣ, ಆದ ಖರ್ಚು, ಅಂಗಡಿಯ ಬಿಲ್ಲು ಎಲ್ಲವನ್ನೂ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ. ಜೂನ್ ತಿಂಗಳ ಪೋಷಕರ ಸಭೆಯಲ್ಲಿ ಓದಿ ಹೇಳುತ್ತೇವೆ. ಹಣ ಮಿಕ್ಕರೆ ಕಥೆಪುಸ್ತಕಕ್ಕೆ ಹೋಗುತ್ತದೆ. ಸಾಲದೆ ಬಂದರೆ ಮೊದಲು ನೆಲ ಮತ್ತು ಹಲಗೆ, ಮೇಜು ಕುರ್ಚಿ ಆಮೇಲೆ.

ನೆಲದ ಕೆಲಸವನ್ನು ಮೇ ಮೊದಲ ವಾರದಲ್ಲೇ ಶುರು ಮಾಡಬೇಕು. ಗಾರೆ ಪೂರ್ತಿ ಒಣಗದೆ ಹಲಗೆಗೆ ಬಣ್ಣ ಹೊಡೆದರೆ ಸಿಪ್ಪೆ ಏಳುತ್ತದೆ. ಬಣ್ಣ ಒಣಗಿದ ಮೇಲೂ ಒಮ್ಮೆ ಪೂರ್ತಿ ಸೀಮೆಸುಣ್ಣ ಉಜ್ಜಿ ಒರೆಸಿ ಪಳಗಿಸಬೇಕು. ಮೇ ಕೊನೆಗೆ ಶಾಲೆ ತೆರೆಯುತ್ತದೆ. ಆದ್ದರಿಂದ ನಿಮ್ಮ ದೇಣಿಗೆ ಏಪ್ರಿಲ್ 30ರೊಳಗೆ ತಲುಪಿದರೆ ಬಹಳ ಅನುಕೂಲ. ಊರಿನಲ್ಲೇ ಇರುವವರು ಮೇ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಹಾರೆ, ಗುದ್ದಲಿ, ಬಾಂಡ್ಲಿ ತೆಗೆದುಕೊಂಡು ಶಾಲೆಗೆ ಬನ್ನಿ. ಮಧ್ಯಾಹ್ನದ ಊಟ ಶಾಲೆಯಲ್ಲೇ.

ಇಂತಿ ನಿಮ್ಮ,
ನಲಿಕಲಿ ಶಿಕ್ಷಕಿ, ಮುಖ್ಯಶಿಕ್ಷಕರು, ಎಸ್‌ಡಿಎಂಸಿ ಅಧ್ಯಕ್ಷರು ಹಾಗೂ ಹಳೆಯ ವಿದ್ಯಾರ್ಥಿಗಳು