ಖಾನಾಪುರ, ಕಲಘಟಗಿ ಶಾಸಕರಿಗೆ: ಸಿದ್ದಿಗಳ ಹಳೆಯ ಅರಣ್ಯ ಹಕ್ಕಿನ ಅರ್ಜಿಗಳನ್ನು ಮತ್ತೆ ತೆರೆಸಿ

ಮಾನ್ಯ ಶಾಸಕರಿಬ್ಬರಿಗೂ ನಮಸ್ಕಾರ.

ಆಫ್ರಿಕಾ ಮೂಲದ ಸಮುದಾಯವಾದ ಸಿದ್ದಿಗಳಲ್ಲಿ ಉತ್ತರ ಕನ್ನಡದವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಯವರಿಗೆ ಅದೇ ಮಾನ್ಯತೆ ಸಿಕ್ಕಿದ್ದು 2020ರ ತಿದ್ದುಪಡಿಯಿಂದ. ನಡುವಿನ 17 ವರ್ಷ ಹಳಿಯಾಳದ ಅಣ್ಣ ಪರಿಶಿಷ್ಟ, ಕಲಘಟಗಿಯ ತಮ್ಮ ಅಲ್ಲ. ಒಂದೇ ಮನೆತನ, ಒಂದೇ ಹಿರಿಯರ ಪೂಜೆ. ಬೇರೆಯಾದದ್ದು ಜಿಲ್ಲೆಯ ಗಡಿ ಮಾತ್ರ. 1956ರವರೆಗೆ ಈ ಮೂರೂ ಜಿಲ್ಲೆಗಳು ಮುಂಬಯಿ ಆಡಳಿತದಲ್ಲೇ ಇದ್ದವು ಅನ್ನುವುದನ್ನು ನೆನೆದರೆ ಆ ಗಡಿಯ ತೂಕ ಇನ್ನೂ ಕಡಿಮೆಯಾಗುತ್ತದೆ.

ತಿದ್ದುಪಡಿ ಬಂತು, ಅಭಿನಂದನೆಗಳೂ ಮುಗಿದವು. ಆದರೆ ಕಾಡಿನ ಭೂಮಿಗೆ ಹಕ್ಕುಪತ್ರ ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿಗಳು ತೀರ್ಮಾನವಾದದ್ದು ಬಹುಪಾಲು ಆ 17 ವರ್ಷಗಳೊಳಗೆ. ಆಗ ನಿಮ್ಮ ಎರಡೂ ತಾಲ್ಲೂಕಿನ ಸಿದ್ದಿಗಳು ಕಾನೂನಿನ ಕಣ್ಣಿಗೆ ‘ಇತರೆ ಪಾರಂಪರಿಕ ಅರಣ್ಯವಾಸಿಗಳು’. ವ್ಯತ್ಯಾಸ ಸಣ್ಣದಲ್ಲ. ಬುಡಕಟ್ಟಿನವರಾದರೆ 13-12-2005ಕ್ಕಿಂತ ಮೊದಲು ಆ ಭೂಮಿ ತಮ್ಮ ಸ್ವಾಧೀನದಲ್ಲಿತ್ತು ಎಂದು ತೋರಿಸಿದರೆ ಸಾಕು. ಇತರರಾದರೆ ಅದರ ಜೊತೆಗೆ ಅದೇ ದಿನಕ್ಕೆ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ರುಜುವಾಗಬೇಕು. 1930ರಿಂದ ಲೆಕ್ಕ ಕೊಡಿ ಎಂದ ಹಾಗೆ.

ಯಾರಿಂದ ಕೇಳುತ್ತಿದ್ದೇವೆ ಎಂಬುದನ್ನು ಗಮನಿಸಿ. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದ ಮೇಲೆ ಆಫ್ರಿಕಾದ ಪೂರ್ವ ಕರಾವಳಿಯಿಂದ, ಮುಖ್ಯವಾಗಿ ಮೊಜಾಂಬಿಕ್ ಕಡೆಯಿಂದ, ಜನರನ್ನು ಗುಲಾಮರಾಗಿ ತಂದರು. ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದುಮಾಡಿದ್ದು 1869ರಲ್ಲಿ. ಅಷ್ಟರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡು ಸೇರಿದ್ದರು. ಹಾಗೆ ಓಡಿಬಂದವರು ಉಳಿದದ್ದೇ ಯಾರ ದಫ್ತರಕ್ಕೂ ಸಿಗದೆ. ಅವರ ಮೊಮ್ಮಕ್ಕಳ ಹತ್ತಿರ ದಫ್ತರದ ನಕಲು ಕೇಳುವುದು ಎಂಥ ನ್ಯಾಯ? ನಮ್ಮಲ್ಲಿ ಆಫ್ರಿಕಾದ ಮೂಲ ಅಂದರೆ ಅಹ್ಮದ್‌ನಗರದ ಸೇನಾಪತಿ ಮಲಿಕ್ ಅಂಬರ್‌ನ ಹೆಸರು ಬರುತ್ತದೆ, 1980ರ ದಶಕದಲ್ಲಿ ಕ್ರೀಡಾ ಪ್ರಾಧಿಕಾರ ಓಟಕ್ಕೆಂದು ಸಿದ್ದಿ ಮಕ್ಕಳನ್ನು ಆರಿಸಿಕೊಂಡ ಯೋಜನೆಯ ಮಾತು ಬರುತ್ತದೆ. ಸೇನಾಪತಿ ಬೇಕು, ಓಟಗಾರ ಬೇಕು. ಗದ್ದೆ ಮಾಡಿಕೊಂಡಿರುವ ಸಿದ್ದಿ ಮಾತ್ರ ಪೇಟೆಗೆ ಬಂದರೆ ‘ಯಾವ ದೇಶ?’ ಎಂಬ ಪ್ರಶ್ನೆಗೆ ಕನ್ನಡದಲ್ಲೋ ಕೊಂಕಣಿಯಲ್ಲೋ ಉತ್ತರ ಕೊಡಬೇಕು.

ಈಗ ದಾಖಲೆಯ ಮಾತು. ಅರಣ್ಯ ಹಕ್ಕು ಕಾಯ್ದೆಯ ನಿಯಮ 13 ಕಾಗದವೊಂದನ್ನೇ ಸಾಕ್ಷಿ ಎನ್ನುವುದಿಲ್ಲ. ಮತದಾರರ ಚೀಟಿ, ಪಡಿತರ ಚೀಟಿ, ಮನೆ ತೆರಿಗೆ ರಸೀದಿಯ ಜೊತೆಗೇ ಮನೆ, ಬದು, ಒಡ್ಡು, ಹಳೆಯ ಬಾವಿ, ಸ್ಮಶಾನ, ಪೂಜಾಸ್ಥಳ, ವಂಶಾವಳಿ, ಅರ್ಜಿದಾರರಲ್ಲದ ಹಿರಿಯರ ಬರೆದುಕೊಂಡ ಹೇಳಿಕೆ ಇವನ್ನೂ ಹೆಸರಿಸುತ್ತದೆ. ಒಂದಕ್ಕಿಂತ ಹೆಚ್ಚು ಇರಬೇಕು, ಅಷ್ಟೇ. ಇಂಥದ್ದೇ ಕಾಗದ ತಾ ಎಂದು ಅರ್ಜಿ ಪರಿಶೀಲಿಸುವ ಉಪವಿಭಾಗ ಸಮಿತಿಯಾಗಲಿ ಜಿಲ್ಲಾ ಸಮಿತಿಯಾಗಲಿ ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ನಿಯಮ ಸ್ಪಷ್ಟವಾಗಿ ಹೇಳಿದೆ. ಉಪಗ್ರಹ ಚಿತ್ರ ಪೂರಕ ಮಾತ್ರ, ಬೇರೆ ಸಾಕ್ಷಿಗೆ ಬದಲಿ ಅಲ್ಲ.

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹಾಗಾಗಿ ಸಾಕ್ಷಿಯೂ ಮೂರು ಜಾಗದಲ್ಲಿ ಹುಡುಕಬೇಕು. ಕ್ರೈಸ್ತ ಕುಟುಂಬವಾದರೆ ಇಗರ್ಜಿಯ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕ. ಹೆಸರು, ತಂದೆತಾಯಿ, ಊರು ಮೂರೂ ಒಂದೇ ಸಾಲಿನಲ್ಲಿ ಸಿಗಬಹುದು. ಮುಸ್ಲಿಂ ಕುಟುಂಬವಾದರೆ ಜಮಾತಿನ ನಿಕಾಹ್ ಪುಸ್ತಕ ಮತ್ತು ಖಬರಸ್ತಾನ. ಹಿಂದೂ ಕುಟುಂಬಕ್ಕೆ ಇಂಥ ಪುಸ್ತಕ ಇರುವುದೇ ಅಪರೂಪ; ಅಲ್ಲಿ ಹಿರಿಯರನ್ನಿಟ್ಟ ಜಾಗ, ಬಾವಿ ಮತ್ತು ಮುದುಕರ ಹೇಳಿಕೆಯೇ ಗತಿ.

ಎಡವಟ್ಟು ಆಗುವುದೂ ಇಲ್ಲೇ. ಇಗರ್ಜಿಯ ನಕಲು ಅರಣ್ಯ ಹಕ್ಕಿನ ಕಡತಕ್ಕೆ ಬಲ. ಅದನ್ನೇ ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರದ ಅರ್ಜಿಗೆ ಲಗತ್ತಿಸಿದರೆ ‘ನೀವು ಕ್ರಿಶ್ಚಿಯನ್, ಎಸ್‌ಟಿ ಹೇಗೆ?’ ಎಂಬ ಆಕ್ಷೇಪಕ್ಕೆ ದಾರಿ. ಶಾಲೆಯ ದಾಖಲಾತಿಯಲ್ಲಿ ಜಾತಿಯ ಕಾಲಮಿನಲ್ಲಿ ಧರ್ಮದ ಹೆಸರು ಕೂತಿದ್ದರಂತೂ ಮುಗಿಯಿತು. ಗೊಂದಲದ ಮೂಲ ಪರಿಶಿಷ್ಟ ಜಾತಿಯ ನಿಯಮ. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಧರ್ಮದ ಷರತ್ತಿದೆ. ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಅದು ಅನ್ವಯ. ಪರಿಶಿಷ್ಟ ಪಂಗಡಗಳ ಆದೇಶದಲ್ಲಿ ಆ ಷರತ್ತೇ ಇಲ್ಲ. ಮತ ಬದಲಿಸಿದ ಮಾತ್ರಕ್ಕೆ ಪಂಗಡ ತಾನಾಗಿ ಕಳೆದುಹೋಗುವುದಿಲ್ಲ, ಸಮುದಾಯದ ಪದ್ಧತಿ ಉಳಿಸಿಕೊಂಡಿದ್ದಾರೆಯೇ ಎಂಬುದನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ಪದ್ಧತಿ ಬೇಕೆಂದರೆ ಢಮಾಮಿ ಕುಣಿತ ಇದೆ, ಹಿರಿಯರ ಪೂಜೆ ಇದೆ. ಅಷ್ಟೇಕೆ, ಹೆಂಗಸರು ಹಳೆ ಸೀರೆ ಹಾಸಿ ಅಂಚಿನಿಂದ ಒಳಕ್ಕೆ ಹೊಲಿಯುತ್ತ ಹೋಗುವ ಕೌದಿಯನ್ನೇ ನೋಡಬಹುದು: ತುಂಡುಬಟ್ಟೆಯಲ್ಲಿ ಒಬ್ಬಾಕೆ ಶಿಲುಬೆ ಕೂರಿಸಿರುತ್ತಾಳೆ, ಇನ್ನೊಬ್ಬಾಕೆ ಅರ್ಧಚಂದ್ರ, ನಾಲ್ಕು ಮೂಲೆಯ ಹೂವು ಮಾತ್ರ ಇಬ್ಬರದ್ದೂ ಒಂದೇ. ತಹಶೀಲ್ದಾರರು ಕೌದಿ ನೋಡುವುದಿಲ್ಲ ಬಿಡಿ.

ನಿಮ್ಮಿಂದ ಆಗಬೇಕಾದ ಕೆಲಸ ಮುಖ್ಯವಾಗಿ ಮೂರು, ಮೂರಕ್ಕೂ ಹೊಸ ಕಾನೂನು ಬೇಡ.

ಮೊದಲನೆಯದು ಪಟ್ಟಿ. 75 ವರ್ಷದ ದಾಖಲೆ ಇಲ್ಲವೆಂದು ಬಿದ್ದುಹೋದ ಸಿದ್ದಿ ಅರ್ಜಿಗಳನ್ನು ಉಪವಿಭಾಗಾಧಿಕಾರಿಯಿಂದ ಪ್ರತ್ಯೇಕ ತರಿಸಿ, ತಾಲ್ಲೂಕು ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯ ಮುಂದಿಡಿ. ಹೆಸರು ಹುಡುಕುವಾಗ ಸಿದ್ದಿ, ಸಿದ್ಧಿ, ಶಿದ್ದಿ, ಹಬಶಿ ಎಲ್ಲವನ್ನೂ ನೋಡಲು ಹೇಳಿ. ಒಂದೇ ಮನೆಯ ಅಪ್ಪ-ಮಗನ ಕಾಗದದಲ್ಲೇ ಎರಡು ಕಾಗುಣಿತ ಇರಬಹುದು.

ಎರಡನೆಯದು ಸಮಿತಿ. ಗ್ರಾಮಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಮಂದಿ, ಅವರಲ್ಲಿ ಮೂರನೇ ಎರಡರಷ್ಟು ಪರಿಶಿಷ್ಟ ಪಂಗಡದವರು, ಮೂರನೇ ಒಂದರಷ್ಟು ಮಹಿಳೆಯರು ಇರಬೇಕು. ಊರಲ್ಲಿ ಪಂಗಡದವರೇ ಇಲ್ಲ ಎಂಬ ಲೆಕ್ಕದಲ್ಲಿ 2020ಕ್ಕೆ ಮುಂಚೆ ರಚಿಸಿದ ಸಮಿತಿ ಈಗ ಹೇಗೆ ನಿಲ್ಲುತ್ತದೆ? ಗ್ರಾಮಸಭೆಯನ್ನು ಪಂಚಾಯಿತಿ ಕಟ್ಟಡದಲ್ಲಿ ಅಲ್ಲ, ಸಿದ್ದಿಗಳ ಕೇರಿಯಲ್ಲೇ ಕರೆಸಿ. ಸರ್ವೆ ಆಗದ ಹಳೆಯ ವಸತಿಯನ್ನೂ ಕಾಯ್ದೆ ಗ್ರಾಮ ಎಂದೇ ಎಣಿಸುತ್ತದೆ. ಗ್ರಾಮಸಭೆಯ ಸದಸ್ಯರಲ್ಲಿ ಅರ್ಧದಷ್ಟು, ಅರ್ಜಿದಾರರಲ್ಲೂ ಅರ್ಧದಷ್ಟು ಹಾಜರಿರಬೇಕು. ಆದ್ದರಿಂದ ಕೂಲಿಗೆ ಹೋಗುವ ಹೊತ್ತಿನಲ್ಲಿ ಸಭೆ ಬೇಡ.

ಮೂರನೆಯದು ಅವಧಿ. ‘ಗಡುವು ಮುಗಿದಿದೆ’ ಎಂಬ ಉತ್ತರ ಬರುತ್ತದೆ, ನಂಬಬೇಡಿ. ಅರ್ಜಿ ಸ್ವೀಕರಿಸುವ ಮೂರು ತಿಂಗಳನ್ನು ಕಾರಣ ಬರೆದು ವಿಸ್ತರಿಸುವ ಅಧಿಕಾರ ಗ್ರಾಮಸಭೆಗಿದೆ. ಕಾರಣ ಸಿದ್ಧವಾಗಿದೆ: 2020ರ ತಿದ್ದುಪಡಿ. 13-12-2005 ಎಂಬ ದಿನಾಂಕ ಭೂಮಿಯ ಸ್ವಾಧೀನಕ್ಕೆ ಹೊರತು ಪಂಗಡದ ಪಟ್ಟಿಗೆ ಸೇರಿದ ದಿನಕ್ಕಲ್ಲ ಎಂಬುದು ಕಾಯ್ದೆಯ 4ನೇ ಕಲಮಿನ ನಮ್ಮ ಓದು. ಅಧಿಕಾರಿಗಳು ಒಪ್ಪದಿದ್ದರೆ ಅದನ್ನು ಲಿಖಿತವಾಗಿ ಕೊಡಲಿ.

ಸ್ಥಳ ಪರಿಶೀಲನೆಗೆ ಅರಣ್ಯ, ಕಂದಾಯ ಸಿಬ್ಬಂದಿ ಬಂದು ಸಹಿ ಮಾಡುವಂತೆ ನೋಡಿಕೊಳ್ಳಿ. ಬಾರದೆ ಇದ್ದು ಆಮೇಲೆ ತಕರಾರು ತೆಗೆದರೆ ಅರ್ಜಿ ಮರಳಿ ಗ್ರಾಮಸಭೆಗೆ ಬರುತ್ತದೆ. ಎರಡನೇ ಸಲವೂ ಗೈರಾದರೆ ಸ್ಥಳ ಪರಿಶೀಲನೆಯ ಬಗ್ಗೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಆಗಬೇಕು, ಹೆಚ್ಚೆಂದರೆ 4 ಹೆಕ್ಟೇರ್. ಇಬ್ಬರ ಧರ್ಮ ಬೇರೆಯಾಗಿದ್ದರೂ ಎರಡೂ ಹೆಸರು ಬರಲಿ.

13-02-2019ರಂದು ಸುಪ್ರೀಂ ಕೋರ್ಟ್ ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸಲು ಹೇಳಿ, 28ರಂದು ಆ ಆದೇಶಕ್ಕೆ ತಾನೇ ತಡೆ ಕೊಟ್ಟಿತು. ‘ತಿರಸ್ಕೃತ’ ಎಂಬ ಷರಾ ಕಡತದಲ್ಲಿ ಇರುವಷ್ಟು ದಿನ ಈ ಮನೆಗಳಿಗೆ ರಕ್ಷಣೆ ಅಂಥ ತಡೆಯಾಜ್ಞೆಯೊಂದೇ. ಮುಂದಿನ ಕೆಡಿಪಿ ಸಭೆಯ ಕಾರ್ಯಸೂಚಿಯಲ್ಲಿ ಇದು ಎಷ್ಟನೇ ವಿಷಯ ಎಂದು ತಿಳಿಸಿದರೆ, ನಕಲುಗಳ ಕಟ್ಟು ಹಿಡಿದು ಬರುತ್ತೇವೆ.

ಇಂತಿ,
ಅರಣ್ಯ ಹಕ್ಕಿನ ಕಡತ ಕಟ್ಟುವ ಕೆಲಸದವರು