ಚೌತಿಯ ಪ್ರಯಾಣ ಮತ್ತು ಕಾಮಾಲೆಯ ಎಚ್ಚರ

ಮಾನ್ಯ ಸಂಪಾದಕರೇ,

ಚೌತಿಗೆ ಊರಿಗೆ ಹೋಗಲು ಮುಂಬಯಿ ಕನ್ನಡಿಗರು ಬಸ್ಸು, ರೈಲುಗಳ ಟಿಕೆಟ್ ಕಾದಿರಿಸುತ್ತಿರುವ ಈ ಹೊತ್ತಿನಲ್ಲಿ, ದಾರಿಯಲ್ಲಿ ಅಂಟಬಹುದಾದ ಹೆಪಟೈಟಿಸ್, ಅಂದರೆ ಯಕೃತ್ತಿಗೆ ತಗಲಿ ಕಾಮಾಲೆ ತರುವ ವೈರಸ್ ಸೋಂಕಿನ ಬಗ್ಗೆ ಓದುಗರ ಗಮನ ಸೆಳೆಯಲು ಬಯಸುತ್ತೇನೆ.

ಕಳೆದ ಮಳೆಗಾಲದಲ್ಲಿ ಊರಿನಿಂದ ಮರಳಿದ ನಾಲ್ಕು ವಾರಗಳಿಗೆ ನನ್ನ ಮಗನಿಗೆ ಊಟ ಸೇರದಾಯಿತು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು. ಬೆಳಿಗ್ಗೆ ಕಿಟಕಿಯ ಬೆಳಕಿಗೆ ನಿಲ್ಲಿಸಿ ಕೆಳರೆಪ್ಪೆ ಎಳೆದು ನೋಡಿದರೆ ಕಣ್ಣಿನ ಬಿಳಿಭಾಗಕ್ಕೆ ಅರಿಶಿನ ಸವರಿದಂತಿತ್ತು. ನಾವೆಲ್ಲ ಕಾಲೇಜಿನ ಬಳಿಯ ವಡಾಪಾವ್ ಗಾಡಿಯನ್ನು ಶಪಿಸಿದೆವು. ಹೆಪಟೈಟಿಸ್ ಎ ವೈರಸ್ ದೇಹ ಹೊಕ್ಕ ಮೇಲೆ ಲಕ್ಷಣ ಕಾಣಿಸಲು 15ರಿಂದ 50 ದಿನ ಹಿಡಿಯುತ್ತದೆ ಎಂದು ವೈದ್ಯರು ಹೇಳಿದಾಗಲೇ, ಹೆದ್ದಾರಿಯ ಬದಿಯಲ್ಲಿ ಅವನು ಐಸ್ ಹಾಕಿದ ಕಬ್ಬಿನ ಹಾಲನ್ನು ಎರಡು ಲೋಟ ಕುಡಿದದ್ದು ನೆನಪಾಯಿತು. ಅದರಿಂದಲೇ ಬಂತೆಂದು ನಾನು ಹೇಳಲಾರೆ. ಆದರೆ ತಣ್ಣಗಾದ ಮಾತ್ರಕ್ಕೆ ಈ ವೈರಸ್ ಸಾಯುವುದಿಲ್ಲ. ನೀರು ಒಂದು ನಿಮಿಷವಾದರೂ ಚೆನ್ನಾಗಿ ಕುದಿಯಬೇಕು. ಆವಿಯಾಡುವ ಇಡ್ಲಿಗೆ ಹೆದರಬೇಕಿಲ್ಲ, ಅದರ ಪಕ್ಕದಲ್ಲಿರುವ, ಹಸಿನೀರು ಬೆರೆಸಿದ ಚಟ್ನಿಗೆ ಹೆದರಬೇಕು.

ಕೊಳಚೆ ಬೆರೆತ ನೀರಿನಿಂದಲೇ ಹರಡುವ ಇನ್ನೊಂದು ಬಗೆ ಹೆಪಟೈಟಿಸ್ ಇ. 1955–56ರಲ್ಲಿ ದೆಹಲಿಯಲ್ಲಿ ಸುಮಾರು 29,000 ಮಂದಿಗೆ ಕಾಮಾಲೆ ತಂದದ್ದು ಇದೇ. ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಇದು ಪ್ರಾಣಕ್ಕೇ ಸಂಚಕಾರ ತರಬಲ್ಲದು. ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಹೊರಡುವ ನಮ್ಮ ಹೆಣ್ಣುಮಕ್ಕಳು ಪ್ರಯಾಣ ಮಾಡುವುದು ಆ ತಿಂಗಳುಗಳಲ್ಲೇ. ಅವರ ಚೀಲದಲ್ಲಿ ಮನೆಯಲ್ಲೇ ಕುದಿಸಿ ಆರಿಸಿದ ನೀರಿನ ಬಾಟಲಿ ಇರಲೇಬೇಕು.

ಹೆಪಟೈಟಿಸ್ ಎ ಮತ್ತು ಬಿಗೆ ಲಸಿಕೆಗಳಿವೆ. ಎ ಲಸಿಕೆಯನ್ನು ಹೊರಡುವುದಕ್ಕೆ ಎರಡು ವಾರ ಮೊದಲಾದರೂ ಹಾಕಿಸಿಕೊಳ್ಳುವುದು ಒಳ್ಳೆಯದು. ಬಿ ಲಸಿಕೆಯ ಮೂರು ಡೋಸುಗಳಿಗೆ ಸಾಮಾನ್ಯವಾಗಿ ಆರು ತಿಂಗಳು ಬೇಕಾಗುವುದರಿಂದ ಅದನ್ನು ಪ್ರಯಾಣದ ಹಿಂದಿನ ವಾರಕ್ಕೆ ಬಿಡುವಂತಿಲ್ಲ. ರಕ್ತದ ಮೂಲಕ ಹರಡುವ ಬಿ ವೈರಸ್ ದೇಹದ ಹೊರಗೂ ಕನಿಷ್ಠ ಏಳು ದಿನ ಉಳಿಯಬಲ್ಲದಾದ್ದರಿಂದ, ಹರಕೆಯ ಮುಡಿ ಕೊಡುವಾಗ ಹೊಸ ಬ್ಲೇಡನ್ನು ನಮ್ಮೆದುರಿಗೇ ಬಿಚ್ಚಿಸಿಕೊಳ್ಳಬೇಕು. ಹಾಗೆ ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಮುಂಬಯಿಯಲ್ಲೂ ಹೆದ್ದಾರಿಯುದ್ದಕ್ಕೂ ಹೋಟೆಲು ನಡೆಸುವವರಲ್ಲಿ ನಮ್ಮವರೇ ಅನೇಕರಿದ್ದಾರೆ. ಮೇಜಿನ ಮೇಲಿಡುವ ಜಗ್ಗಿನಲ್ಲಿ ಕುದಿಸಿ ಆರಿಸಿದ ನೀರನ್ನೇ ಇಡಬೇಕೆಂದೂ, ಕೈತೊಳೆಯುವಲ್ಲಿ ಸೋಪು ತಪ್ಪದಂತೆ ನೋಡಿಕೊಳ್ಳಬೇಕೆಂದೂ, ಕಾಮಾಲೆಯಾದ ಅಡುಗೆಯವರಿಗೆ ವೈದ್ಯರು ಹೇಳುವವರೆಗೆ ಸಂಬಳ ಸಹಿತ ರಜೆ ಕೊಡಬೇಕೆಂದೂ ಅವರಲ್ಲಿ ಕಳಕಳಿಯಿಂದ ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ಡೊಂಬಿವಲಿ