ಗಸಿ ಕದಡದಂತೆ ಎಡಿನ್‌ಬರೋಗೆ

ಲಂಡನ್
ನವೆಂಬರ್ ಕೊನೆಯ ವಾರ

ಪ್ರಿಯ ಗೆಳೆಯ,

ಶನಿವಾರ ನೀನು ಫೋನ್ ಮಾಡಿದಾಗ ‘ಈಗ ಆಗುವುದಿಲ್ಲ, ಬಸಿಯುತ್ತಿದ್ದೇನೆ’ ಎಂದಷ್ಟೇ ಹೇಳಿ ಮುಗಿಸಿಬಿಟ್ಟೆ. ಆಮೇಲೆ ನೀನು ಕಳುಹಿಸಿದ ಸಂದೇಶ ಓದಿ ರೈಲಿನಲ್ಲಿ ಒಬ್ಬನೇ ನಕ್ಕೆ. ಅಲ್ಲಿ ಹತ್ತೂವರೆಯಾದರೆ ಇಲ್ಲಿ ಬೆಳಗಿನ ಐದು, ಆ ಹೊತ್ತಿಗೇ ಅನ್ನ ಬಸಿಯುವಷ್ಟು ಹಸಿವೇನೋ ಎಂದು ನೀನು ಕೇಳಿದ್ದೆ. ಬಸಿಯುತ್ತಿದ್ದದ್ದು ಅನ್ನವನ್ನಲ್ಲ, ಪೋರ್ಟ್ ಎಂಬ ವೈನಿನ ಒಂದು ಬಾಟಲಿಯನ್ನು. ನೀನೂ ನಾನೂ ಹುಟ್ಟಿದ 1977ರದ್ದು. ಎದುರಿಗೆ ಮೇಣದಬತ್ತಿ, ಬಲಗೈಯಲ್ಲಿ ಬಾಟಲಿ, ಎಡಗೈಯಲ್ಲಿ ಗಾಜಿನ ಹೂಜಿ. ಫೋನನ್ನು ನನ್ನ ಕಿವಿಗೆ ಹಿಡಿದವಳು ನಿದ್ದೆಗಣ್ಣಿನ ನನ್ನ ಹೆಂಡತಿ. ಬಸಿಯಲು ಶುರುಮಾಡಿದ ಮೇಲೆ ನಡುವೆ ಕೈ ತಡೆಯುವಂತಿಲ್ಲ. ಅದಕ್ಕೇ ಆ ಒರಟುತನ. ಕ್ಷಮಿಸು.

ನಮ್ಮ ಕೂಟದ ವಿಷಯ ಹಿಂದೊಮ್ಮೆ ಬರೆದಿದ್ದೆ. ಒಂಬತ್ತು ಜನ, ವರ್ಷಕ್ಕೆ ಎರಡು ಸಲ, ಯಾರಾದರೊಬ್ಬರ ಮನೆ. ಮನೆಯವರು ಅಡುಗೆ ಮಾಡುತ್ತಾರೆ, ಬಂದವರು ಹಳೆಯ ಬಾಟಲಿ ತರುತ್ತಾರೆ. ಇದು ನಾವು ಕಂಡುಹಿಡಿದ ಪದ್ಧತಿಯೇನಲ್ಲ. ಫ್ರಾನ್ಸಿನ ಬರ್ಗಂಡಿ ಸೀಮೆಯ ಮರ್ಸೋ ಎಂಬ ಊರಿನಲ್ಲಿ 1923ರಲ್ಲಿ ಶುರುವಾದ ‘ಪೋಲೆ’ ಎಂಬ ಸುಗ್ಗಿಯೂಟವಿದೆ. ನವೆಂಬರಿನಲ್ಲಿ ನಡೆಯುವ ಆ ಊಟಕ್ಕೆ ಬೆಳೆಗಾರರು ತಮ್ಮ ನೆಲಮಾಳಿಗೆಯ ಬಾಟಲಿಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಾರೆ. ಆದರೆ ಅವರಿಗೆ ನಾಲ್ಕು ಹೆಜ್ಜೆ ನಡೆದರೆ ಮುಗಿಯಿತು. ನನಗೆ ಇಲ್ಲಿಯ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಈ ಸಲದ ಕೂಟವಿದ್ದ ಎಡಿನ್‌ಬರೋವರೆಗೆ ಆರುನೂರು ಕಿಲೋಮೀಟರಿಗೂ ಹೆಚ್ಚು ದಾರಿ, ನಾಲ್ಕೂವರೆ ಗಂಟೆಯ ರೈಲು. ಈ ಸಲದ ಕಟ್ಟಳೆ: ಬ್ರಾಂದಿ ಬೆರೆಸಿ ಬಲಗೊಳಿಸಿದ ವೈನೇ ಆಗಬೇಕು, ಮೂವತ್ತು ವರ್ಷಕ್ಕಿಂತ ಎಳೆಯದು ಬೇಡ.

ಪೋರ್ಟ್ ಎಂದೊಡನೆ ನಿನ್ನ ಮೂಗು ಮುರಿಯುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ನಿಮ್ಮ ತೋಟದಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡಿ, ‘ಪೋರ್ಟ್’ ಎಂಬ ಚೀಟಿ ಅಂಟಿಸಿ ಮಾರುವ ಆ ಸಿಹಿ ಕಷಾಯವಲ್ಲ ಇದು. ಪೋರ್ಚುಗಲ್‌ನ ದೋರು ನದಿಯ ಕಡಿದಾದ ಕಣಿವೆಯಲ್ಲಿ, ಪೊಂಬಾಲ್ ಎಂಬ ಮಂತ್ರಿ 1756ರಲ್ಲೇ ಗಡಿ ಕಟ್ಟಿಸಿದ ಸೀಮೆಯಲ್ಲಿ ಬೆಳೆದ ಹಣ್ಣಿನದು. ರಸ ಹುಳಿಯುತ್ತಿರುವಾಗ ನಡುವೆಯೇ ಮದ್ಯಸಾರ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ, ಹಣ್ಣಿನ ಸಕ್ಕರೆ ಅರ್ಧಕ್ಕೆ ಉಳಿಯುತ್ತದೆ. ವರ್ಷ ಬಹಳ ಚೆನ್ನಾಗಿದ್ದರೆ ಅದನ್ನು ಪೀಪಾಯಿಯಲ್ಲಿ ಎರಡೇ ವರ್ಷವಿಟ್ಟು, ಸೋಸದೆ, ಬಾಟಲಿಗೆ ತುಂಬಿಬಿಡುತ್ತಾರೆ. ಮುಂದಿನ ಬದುಕೆಲ್ಲ ಬಾಟಲಿಯೊಳಗೇ. 1977 ಅಂಥ ವರ್ಷ. (ವೈನ್ ವಿಷಯದಲ್ಲಿ ಹೇಳುತ್ತಿದ್ದೇನೆ, ನಮ್ಮಿಬ್ಬರ ವಿಷಯದಲ್ಲಲ್ಲ.)

ಸೋಸದೆ ತುಂಬುವುದರಲ್ಲೇ ಇರುವುದು ತೊಡಕು. ದ್ರಾಕ್ಷಿಯ ಬಣ್ಣವೂ ಒಗರೂ ವರ್ಷಗಳು ಕಳೆದಂತೆ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ಕೆಳಗಿಳಿಯುತ್ತವೆ. ತುಪ್ಪ ಕಾಯಿಸಿದಾಗ ತಳದಲ್ಲಿ ಕೂರುತ್ತದಲ್ಲ, ಆ ಗಸಿಯ ಹಾಗೆಯೇ. ಆದರೆ ತುಪ್ಪದ ಗಸಿಗೆ ಬೆಲ್ಲ ಬೆರೆಸಿ ತಿನ್ನಲು ನಾವಿಬ್ಬರೂ ಜಗಳವಾಡುತ್ತಿದ್ದೆವು. ಪೋರ್ಟಿನ ಗಸಿ ಬಾಯಿಗೆ ಬಂದರೆ ಕಹಿ, ಮಣ್ಣು ಅಗಿದ ಹಾಗೆ. ಮಲಗಿಸಿಟ್ಟ ಬಾಟಲಿಯ ಒಂದು ಮಗ್ಗುಲಿಗೆ ಇದು ಹೊಪ್ಪಳೆಯಂತೆ ಹಿಡಿದುಕೊಂಡಿರುತ್ತದೆ. ಹಳೆಯ ಕಾಲದ ಬಾಟಲಿಗಳ ಮೈಮೇಲೆ ಸುಣ್ಣದಂಥ ಬಿಳಿಯ ಪಟ್ಟೆಯೊಂದನ್ನು ಬಳಿಯುತ್ತಿದ್ದರು. ಅಂದವೇನೂ ಇಲ್ಲದ ಗುರುತು, ಆದರೆ ಎಷ್ಟು ಜಾಣತನದ್ದು ನೋಡು: ಬಿಳಿ ಸದಾ ಮೇಲಿರಲಿ, ಎಲ್ಲಿಗೆ ಸಾಗಿಸಿದರೂ ಅದೇ ಮಗ್ಗುಲಲ್ಲಿ ಮಲಗಿಸಿ, ಗಸಿ ತಾನು ಹಿಡಿದ ಜಾಗವನ್ನು ಬಿಡದಿರಲಿ.

ಅಂದರೆ ಹಳೆಯ ವೈನ್ ಪ್ರಯಾಣಕ್ಕೆ ಅಂಜುವುದು ಒಡೆಯುವ ಭಯದಿಂದಲ್ಲ, ಕಲಕುವ ಭಯದಿಂದ. ಅಮ್ಮ ನನ್ನನ್ನು ಹಾಸ್ಟೆಲಿಗೆ ಬಿಡಲು ಬಂದಾಗ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಕೆಂಪು ಬಸ್ಸಿನಲ್ಲಿ ಊರಿನಿಂದ ಮೈಸೂರಿನ ತನಕ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದಳು, ನೆನಪಿದೆಯೇ? ಬಾಯಿಗೆ ಬಟ್ಟೆ ಕಟ್ಟಿ, ಅದರ ಮೇಲೆ ಹಗ್ಗ ಬಿಗಿದು. ಕಂಡಕ್ಟರ್ ಮೇಲೆ ಇಡಿ ಎಂದರೂ ಇಡಲಿಲ್ಲ. ಆಗ ನನಗೆ ನಾಚಿಕೆಯಾಗಿತ್ತು. ಕಳೆದ ಶನಿವಾರ ಬೋಗಿಯಲ್ಲಿ ಒಬ್ಬರು ನನ್ನ ಚೀಲವನ್ನು ಮೇಲಿನ ಹಲಗೆಗೆ ಎತ್ತಲು ಬಂದಾಗ ‘ಬೇಡ, ಬೇಡ’ ಎಂದು ಎರಡೂ ಕೈಯಿಂದ ತಬ್ಬಿಕೊಂಡೆ.

ಇಂಥ ಬಾಟಲಿಯನ್ನು ಒಯ್ಯಲು ದಾರಿಗಳಿರುವುದು ಕೆಲವೇ. ಎಲ್ಲಕ್ಕಿಂತ ಉತ್ತಮವಾದದ್ದು ಎರಡು ವಾರ ಮೊದಲೇ ಒಯ್ದು ಕೂಟದ ಮನೆಯಲ್ಲಿ ನೆಟ್ಟಗೆ ನಿಲ್ಲಿಸಿ ಬರುವುದು. ಅದಕ್ಕೆ ರಜೆ ಬೇಕು. ಕೆಟ್ಟದ್ದೆಂದರೆ ಹಾಗೆಯೇ ಹೊತ್ತು ತಂದು, ಚಹಾದಂತೆ ಕದಡಿದ್ದನ್ನು ಸುರಿದು, ‘ಎಂಥ ಗಾಢತೆ’ ಎಂದು ಸಾಧಿಸುವುದು. ನಮ್ಮಲ್ಲೇ ಒಬ್ಬರು ಹಾಗೆ ಮಾಡಿದ್ದರು. ನಾನು ಹಿಡಿದದ್ದು ನಡುವಿನ ದಾರಿ: ಮನೆಯಲ್ಲೇ ತಿಳಿಯನ್ನು ಬಸಿದು, ಬಾಟಲಿಯ ಗಸಿಯನ್ನು ತೊಳೆದು, ತಿಳಿಯನ್ನು ಅದೇ ಬಾಟಲಿಗೆ ಮತ್ತೆ ತುಂಬುವುದು. ಆಮೇಲೆ ರೈಲು ಎಷ್ಟು ಕುಲುಕಿದರೂ ಕದಡಲು ಏನೂ ಇರುವುದಿಲ್ಲ. ಇದಕ್ಕೂ ಬೆಲೆಯಿದೆ. ಬಸಿದ ಗಳಿಗೆಯಿಂದ ವೈನ್ ಗಾಳಿ ಕುಡಿಯುತ್ತದೆ. ತೀರ ಮುದಿಯಾದ ಬೋರ್ಡೋ ವೈನ್ ಆಗಿದ್ದರೆ ಸಂಜೆಯ ಹೊತ್ತಿಗೆ ಅದರ ಪರಿಮಳವೇ ಹಾರಿಹೋಗುತ್ತಿತ್ತು. ಈ ಪೋರ್ಟ್‌ನ ಎದೆ ಗಟ್ಟಿ, ತಡೆಯುತ್ತದೆ ಎಂದು ನಂಬಿದೆ.

ಎರಡು ವಾರದಿಂದ ಬಾಟಲಿ ಮೆಟ್ಟಿಲ ಕೆಳಗಿನ ಕತ್ತಲ ಕಪಾಟಿನಲ್ಲಿ ನೆಟ್ಟಗೆ ನಿಂತಿತ್ತು. ನಾಲ್ಕೂವರೆಗೆ ಎದ್ದು ಕಾರ್ಕಿಗೆ ಕೈ ಹಾಕಿದೆ. ಇಷ್ಟು ಹಳೆಯದಕ್ಕೆ ತಿರುಪಿನ ಸಲಾಕೆ ಹಾಕಿದರೆ ರವೆಯಂತೆ ಉದುರುತ್ತದೆ. ಅದಕ್ಕೆಂದೇ ಎರಡು ತೆಳ್ಳನೆಯ ಅಲಗುಗಳ ಸಾಧನವಿದೆ. ಕಾರ್ಕಿನ ಎರಡೂ ಬದಿಗೆ ತೂರಿಸಿ, ತಿರುಗಿಸುತ್ತ ಮೇಲೆತ್ತಬೇಕು. ಅರ್ಧ ಬಂತು. ಇನ್ನರ್ಧ ಕುತ್ತಿಗೆಯಲ್ಲೇ ಕುಳಿತಿತು. ಪೋರ್ಚುಗಲ್‌ನಲ್ಲಾದರೆ ಇಕ್ಕಳವನ್ನು ಕೆಂಪಗೆ ಕಾಯಿಸಿ ಕುತ್ತಿಗೆಗೆ ಹಿಡಿದು, ಮೇಲೆ ತಣ್ಣೀರು ಸೋಕಿಸಿ, ಗಾಜನ್ನೇ ನೀಟಾಗಿ ಕತ್ತರಿಸಿಬಿಡುತ್ತಾರೆ. ಆದರೆ ಕುತ್ತಿಗೆಯೇ ಇಲ್ಲದ ಬಾಟಲಿಯನ್ನು ರೈಲಿನಲ್ಲಿ ಒಯ್ಯುವುದು ಹೇಗೆ? ಉಳಿದರ್ಧವನ್ನು ಹತ್ತು ನಿಮಿಷ ಉಸಿರು ಬಿಗಿಹಿಡಿದು ಎಬ್ಬಿಸಿದೆ. ಚೂರುಗಳು ಒಳಗೆ ಬಿದ್ದವು. ಸೋಸಲು ನಮ್ಮ ಕಾಫಿ ಫಿಲ್ಟರ್ ಎಂದು ಒಂದು ಕ್ಷಣ ಕೈ ಹೋಯಿತು. ಹೆಂಡತಿ ಮಾತಿಲ್ಲದೆ ಅದನ್ನು ಕಿತ್ತುಕೊಂಡಳು. ಅವಳು ಮಾಡಿದ್ದೂ ಸರಿಯೇ, ಅದರ ಕಾಫಿ ವಾಸನೆ ಏಳು ಜನ್ಮಕ್ಕೂ ಹೋಗುವುದಿಲ್ಲ. ಬರಿಯ ನೀರಿನಲ್ಲಿ ಮೂರು ಸಲ ಜಾಲಿಸಿದ ತೆಳು ಮಲ್ ಬಟ್ಟೆ ಸಾಕಾಯಿತು.

ಆಮೇಲಿನದು ನಿನ್ನ ಫೋನ್ ಬಂದ ಹೊತ್ತು. ಬಾಟಲಿಯ ಹೆಗಲಿನ ಹಿಂದೆ ದೀಪದ ಕುಡಿ ಕಾಣುತ್ತಿರಬೇಕು, ಧಾರೆ ನೂಲಿನಂತೆ ಇರಬೇಕು. ಮೊದಲು ಮಾಣಿಕ್ಯದ ಹಾಗೆ ತಿಳಿಯಾಗಿ ಇಳಿಯುತ್ತದೆ. ಕೊನೆಗೆ ಬೆಳಕಿಗೆ ಅಡ್ಡ ಹೊಗೆಯ ಎಳೆಯೊಂದು ತೇಲಿ ಬರುತ್ತದೆ. ಅಲ್ಲಿ ನಿಲ್ಲಿಸಬೇಕು. ಆಸೆ ಬೀಳಬಾರದು. ಎರಡು ಬೆರಳಿನಷ್ಟು ಕಳೆದುಕೊಂಡೆ. ಆ ಗಸಿಯನ್ನು ಹೆಂಡತಿ ಕಿಟಕಿಯ ಕರಿಬೇವಿನ ಕುಂಡಕ್ಕೆ ಸುರಿದಳು. ಲಂಡನ್ನಿನ ಚಳಿಗೆ ಮುನಿದು ಕುಳಿತಿರುವ ಆ ಗಿಡಕ್ಕೆ ಇದೂ ಒಂದು ಚಿಕಿತ್ಸೆ.

ಇನ್ನೊಂದು ಬಾಟಲಿಯ ಕಥೆ ಬೇರೆ. ಅದು 1968ರ ಬುಆಲ್ ದ್ರಾಕ್ಷಿಯ ಮದೀರಾ. ಅಟ್ಲಾಂಟಿಕ್ ನಡುವಿನ ಆ ದ್ವೀಪದ ವೈನಿಗೆ ಅಂಜಿಕೆಯೆಂಬುದೇ ಗೊತ್ತಿಲ್ಲ. ಹಡಗುಗಳು ಗುಡ್‌ಹೋಪ್ ಭೂಶಿರ ಸುತ್ತಿ ಪೂರ್ವಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅಲ್ಲಿಯ ಫುಂಚಾಲ್ ಬಂದರಿನಲ್ಲಿ ನಿಂತು ಪೀಪಾಯಿಗಳನ್ನು ಹೇರಿಕೊಳ್ಳುತ್ತಿದ್ದವು. ಭೂಮಧ್ಯರೇಖೆಯ ಬಿಸಿಲು, ತಿಂಗಳುಗಟ್ಟಲೆ ತೊಯ್ದಾಟ. ಬೇರೆ ಯಾವ ವೈನಾದರೂ ಸತ್ತುಹೋಗಬೇಕು. ಇದು ಮಾತ್ರ ಇನ್ನಷ್ಟು ರುಚಿಗಟ್ಟಿತು. ಅದು ತಿಳಿದ ಮೇಲೆ ಬೇಕೆಂದೇ ಭಾರತಕ್ಕೆ ಕಳುಹಿಸಿ, ಕುಡಿಯದೆ, ವಾಪಸು ತರಿಸತೊಡಗಿದರು! ಹೋಗಿಬಂದ ಆ ವೈನಿಗೆ ‘ವಿನ್ಹೊ ದ ರೋಡಾ’ ಎಂಬ ಹೆಸರೇ ಇತ್ತು. ಈಗ ಹಡಗಿನ ಬದಲು ಬಿಸಿ ತೊಟ್ಟಿ. ಉತ್ತಮವಾದದ್ದಕ್ಕೆ ಸೂರಿನಡಿಯ ಬೆಚ್ಚನೆಯ ಅಟ್ಟ. ಅಲ್ಲಿ ದಶಕಗಳ ಕಾಲ ಕಾಯಿಸಿ, ಗಾಳಿಯಾಡಿಸಿ, ಕೆಡಿಸಬಹುದಾದದ್ದನ್ನೆಲ್ಲ ಮೊದಲೇ ಮಾಡಿ ಮುಗಿಸಿರುವುದರಿಂದ ಆಮೇಲೆ ಅದನ್ನು ಕೆಡಿಸಲು ಯಾರಿಗೂ ಆಗುವುದಿಲ್ಲ. ತೆರೆದಿಟ್ಟರೂ ತಿಂಗಳುಗಟ್ಟಲೆ ಇರುತ್ತದೆ. ನಾನು ನಾಲ್ಕು ದಿನ ಮೊದಲೇ ತೆರೆದು ಉಸಿರಾಡಲು ಬಿಟ್ಟು, ಒಂದು ಬಿರಡೆ ತುರುಕಿ ಚೀಲಕ್ಕೆ ಹಾಕಿದ್ದೆ.

ಕೈಕೊಟ್ಟದ್ದು ಆ ಬಿರಡೆಯೇ. ಪೋರ್ಟಿನ ಮೇಲೆ ಇದ್ದ ಕಣ್ಣು ಮದೀರಾ ಮೇಲೆ ಇರಲಿಲ್ಲ ನೋಡು. ಯಾರ್ಕ್ ದಾಟಿದ ಮೇಲೆ ಯಾರದೋ ಪೆಟ್ಟಿಗೆ ತಗುಲಿ ಚೀಲ ವಾಲಿತು. ಡರ್ಹಮ್‌ನ ಕೆಥೆಡ್ರಲ್ ಕಾಣುವ ತಿರುವಿನ ಹೊತ್ತಿಗೆ ಬೋಗಿಯ ತುಂಬ ಹೋಳಿಗೆಗೆ ಬೆಲ್ಲದ ಪಾಕ ಇಟ್ಟಂಥ ವಾಸನೆ. ಎದುರಿನ ಅಜ್ಜಿ ಮೂಗೆತ್ತಿ, ಯಾರೋ ಕ್ರಿಸ್‌ಮಸ್ ಪುಡಿಂಗ್ ಒಯ್ಯುತ್ತಿದ್ದಾರೆ ಎಂದರು. ನಾನು ಒಪ್ಪಿಕೊಂಡೆ. ಹೋದದ್ದು ಅರ್ಧ ಲೋಟದಷ್ಟು, ನನ್ನ ಸ್ವೆಟರಿನ ತೋಳಿಗೆ. ಅಜ್ಜಿಯ ಕಾಗದದ ಲೋಟದಲ್ಲಿ ಚಹಾ ಮುಗಿದಿತ್ತು. ಒಂದು ಗುಟುಕು ಸುರಿದು ಕೊಟ್ಟೆ. ಕುಡಿದು, ಬಹಳ ಹೊತ್ತು ಕಿಟಕಿಯಾಚೆ ನೋಡಿ, ನಿಮ್ಮ ದೇಶದ್ದೇ ಎಂದು ಕೇಳಿದರು. ನಮ್ಮದಲ್ಲ, ಇದರ ಪೂರ್ವಜರು ನಮ್ಮ ದೇಶಕ್ಕೆ ಹೋಗಿ ಬಂದಿದ್ದರು ಎಂದೆ. ಟ್ವೀಡ್ ನದಿಯ ಸೇತುವೆ ದಾಟಿದೊಡನೆ ಬೆರ್ವಿಕ್‌ನಲ್ಲಿ ಇಳಿದು ಹೋದರು. ಇಳಿಯುವಾಗ ಅವರು ನೋಡಿದ್ದು ನನ್ನನ್ನಲ್ಲ, ಚೀಲವನ್ನು.

ಕೂಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕುಡಿದವರ ವರದಿಯನ್ನು ಕುಡಿಯದವರು ಓದುವುದು ಶಿಕ್ಷೆ. ಬಾಟಲಿಗಳಿಗೆಲ್ಲ ಕಾಲುಚೀಲ ತೊಡಿಸಿ ಸುರಿಯುತ್ತೇವೆ, ಯಾವುದು ಯಾವ ವರ್ಷದ್ದೆಂದು ಊಹಿಸುತ್ತೇವೆ, ಸಾಮಾನ್ಯವಾಗಿ ಎಲ್ಲರೂ ಸೋಲುತ್ತೇವೆ. ಅದೇ ನನಗೆ ಇಷ್ಟ. ಬೆಲೆ ಹೇಳಿಕೊಳ್ಳುವವರನ್ನು ಎರಡನೆಯ ಸಲ ಕರೆಯುವುದಿಲ್ಲ.

ಒಂದು ವಿಷಯ ಮಾತ್ರ ಹೇಳಬೇಕು. ಬೆಲ್‌ಫಾಸ್ಟ್‌ನ ಗೆಳೆಯರೊಬ್ಬರು 1963ರ ಪೋರ್ಟನ್ನು ಎಲ್ಲರಿಗಿಂತ ಶ್ರದ್ಧೆಯಿಂದ ತಂದಿದ್ದರು. ಮೂರು ವಾರ ಮೊದಲೇ, ಕಾರಿನಲ್ಲಿ ಒಂದೇ ಮಗ್ಗುಲಲ್ಲಿ ಮಲಗಿಸಿ, ಹಡಗು ಹತ್ತಿ, ಈ ಮನೆಗೆ ಮುಟ್ಟಿಸಿ ಹೋಗಿದ್ದರು. ಬಸಿದದ್ದೂ ಕನ್ನಡಿಯಷ್ಟು ತಿಳಿ. ಮೂಗಿಗೆ ಹಿಡಿದರೆ ನೆನೆದ ಗೋಣಿಚೀಲ. ಕಾರ್ಕಿನಲ್ಲಿ ಹುಟ್ಟುವ ಒಂದು ರಾಸಾಯನಿಕದ ಕೆಲಸ ಅದು. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಇಡೀ ಬಾಟಲಿ ಹಾಳು. ಬಾಟಲಿಗೆ ತುಂಬಿದ ದಿನವೇ ಅದರ ಹಣೆಬರಹ ಮುಗಿದಿತ್ತು. ಅದಾದ ಮೇಲೆ ಅರವತ್ತು ವರ್ಷ ಯಾರು ಯಾರೋ ಅದನ್ನು ಜೋಪಾನ ಮಾಡಿದ್ದಾರೆ. ಯಾರೂ ಮಾತಾಡಲಿಲ್ಲ. ಅವರೇ ತಮ್ಮ ಲೋಟವನ್ನು ಸ್ವಲ್ಪ ಸ್ವಲ್ಪವಾಗಿ ಕುಡಿದು ಮುಗಿಸಿದರು. ನಿಮ್ಮಪ್ಪ ಆಲಿಕಲ್ಲು ಮಳೆ ಬಿದ್ದ ವರ್ಷ ಒಡೆದ ದ್ರಾಕ್ಷಿಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತ ಬದುವಿನ ಮೇಲೆ ಕುಳಿತಿದ್ದರಲ್ಲ, ಹಾಗೆ ಕಂಡರು.

ನನ್ನ 1977ಕ್ಕೆ ತಕರಾರು ಬಂತು. ಮನೆಯಲ್ಲೇ ತೆರೆದು ತಂದದ್ದನ್ನು ನಂಬುವುದು ಹೇಗೆ ಎಂದು ಒಬ್ಬರು. ಜೇಬಿನಿಂದ ಕಾರ್ಕಿನ ಎರಡು ತುಂಡುಗಳನ್ನು ತೆಗೆದು ಮೇಜಿನ ಮೇಲಿಟ್ಟು ಜೋಡಿಸಿದೆ. ಸುಟ್ಟೊತ್ತಿದ ವರ್ಷ ಕಂಡಿತು. ವೈನ್ ಹದಿನೈದು ಗಂಟೆಯ ಗಾಳಿಯಲ್ಲಿ ತುಸು ಸೊರಗಿದೆ ಎಂದು ಇನ್ನೊಬ್ಬರು. ಇರಬಹುದು. ಊಟವೆಲ್ಲ ಮುಗಿದು ಹೂಜಿ ಎಡಕ್ಕೆ, ಮತ್ತೆ ಎಡಕ್ಕೆ ಸುತ್ತುತ್ತ (ಪೋರ್ಟನ್ನು ಬಲಕ್ಕೆ ದಾಟಿಸುವುದು ಇಲ್ಲಿ ಅಪಚಾರ) ನನ್ನ ಬಳಿ ಕೊನೆಯ ಸಲ ಬಂದಾಗ ಅದರಲ್ಲಿ ಒಣದ್ರಾಕ್ಷಿ, ಮೆಣಸು, ಹಳೆಯ ತಿಜೋರಿಯ ಮರ ಎಲ್ಲ ಇದ್ದವು. ಮದೀರಾಕ್ಕೆ ಹೋಲಿಕೆ ಕೇಳಿದಾಗ ‘ಅನಾನಸ್ ಗೊಜ್ಜು’ ಎಂದೆ. ಸಿಹಿ, ಹುಳಿ, ತಳದಲ್ಲಿ ಹುರಿದದ್ದರ ಒಗರು. ಗೊಜ್ಜು ಎಂದರೇನೆಂದು ವಿವರಿಸಲು ಕಾಲು ಗಂಟೆ ಹಿಡಿಯಿತು. ಮೂವರು ಬರೆದುಕೊಂಡರು.

ಈಗ ನಿನಗೆ ಸಂಬಂಧಪಟ್ಟ ಮಾತು. 1977ರದ್ದನ್ನು ಕೊಂಡಾಗ ಒಂದಲ್ಲ, ಎರಡು ಕೊಂಡಿದ್ದೆ. ಜನವರಿಯಲ್ಲಿ ಬರುತ್ತಿದ್ದೇನೆ, ಎರಡನೆಯದು ನನ್ನ ಜೊತೆ ಬರುತ್ತದೆ. ಕೈಚೀಲದಲ್ಲಲ್ಲ, ಪೆಟ್ಟಿಗೆಯಲ್ಲಿ, ನನ್ನ ಉಣ್ಣೆ ಬಟ್ಟೆಗಳ ನಡುವೆ. ಎರಡು ಲೀಟರಿನ ತನಕ ಸುಂಕವಿಲ್ಲ, ಅದರ ಚಿಂತೆ ಬೇಡ. ಇದನ್ನು ಮೊದಲೇ ಬಸಿದು ತರುವುದಿಲ್ಲ. ನಿಮ್ಮ ಮನೆಯಲ್ಲಿ, ನಿನ್ನ ಕಣ್ಣೆದುರಿಗೇ ಬಸಿಯಬೇಕು. ಆದ್ದರಿಂದ ಬಂದ ದಿನವೇ ತೆರೆ ಎಂದು ಹಟ ಹಿಡಿಯಬೇಡ. ಎರಡು ವಾರ ಅದು ನೆಟ್ಟಗೆ ನಿಲ್ಲಬೇಕು. ಹೆಂಚಿನ ಕೆಳಗಿನ ಅಟ್ಟ ಬೇಡ, ಅದು ಮದೀರಾಕ್ಕೆ ಸರಿ. ಬಿತ್ತನೆ ಬೀಜ ಇಡುವ ಒಳಕೋಣೆಯ ಮೂಲೆ ತಂಪಾಗಿರುತ್ತದೆ, ಅಲ್ಲಿ ಜಾಗ ಮಾಡು. ಮೇಣದಬತ್ತಿ ಸಾಕು, ಮಲ್ ಬಟ್ಟೆಯನ್ನು ನಾನೇ ತರುತ್ತೇನೆ.

ದೇವನಹಳ್ಳಿಗೆ ನನ್ನನ್ನು ಕರೆದೊಯ್ಯಲು ಬರುವಾಗ ಆ ಜೀಪ್ ತರಬೇಡ. ಮತ್ತೊಂದು ಕೆಲಸವಿದೆ, ಮರೆಯದೆ ಮಾಡು: ವಿಮಾನ ನಿಲ್ದಾಣದಿಂದ ನಿಮ್ಮ ತೋಟದ ಗೇಟಿನ ತನಕ ಎಷ್ಟು ರಸ್ತೆಯುಬ್ಬುಗಳಿವೆ ಎಂದು ಎಣಿಸಿ ಬರೆ.

ನಿನ್ನ
ಹಳೆಯ ಬೆಂಚಿನ ಗೆಳೆಯ